ನಡೆಯುವ ವಯಸ್ಸಿನಲ್ಲಿ ಮಡಿಲಿಗೆ ಬಂದ ಕಂದ



ಕ್ರಿಸ್ತ ಜಯಂತಿಯ ಬೆನ್ನಿಗೇ ಬರುವ ಭಾನುವಾರ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ಜಗದ್ಗುರು ಹದಿಮೂರನೇ ಲಿಯೋರವರ ಕಾಲದಲ್ಲಿ, 1893ರಲ್ಲಿ, ಆರಂಭವಾದ ಈ ಹಬ್ಬ 1921ರಲ್ಲಿ ಇಡೀ ಧರ್ಮಸಭೆಯ ಹಬ್ಬವಾಯಿತು. ಅಂದು ಗೋದಲಿಯ ಮುಂದೆ ನಿಂತು ಮರಿಯ, ಜೋಸೆಫ್ ಮತ್ತು ಬಾಲಯೇಸುವನ್ನು ನೋಡುವಾಗ ಒಂದು ಮಾತನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಈ ಕುಟುಂಬದಲ್ಲಿ ತಂದೆ ಮಗುವನ್ನು ರಕ್ತಸಂಬಂಧದಿಂದ ಪಡೆದವರಲ್ಲ. ಮಗುವಿಗೆ ಹೆಸರಿಡುವ ಕೆಲಸವನ್ನು ದೇವದೂತನು ಜೋಸೆಫರಿಗೆ ಒಪ್ಪಿಸುತ್ತಾನೆ, ಅವರು ಹೆಸರಿಡುತ್ತಾರೆ, ಆ ಮೂಲಕ ಮಗು ದಾವೀದನ ವಂಶಕ್ಕೆ ಸೇರುತ್ತದೆ. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯ ಹೇಳುವುದು ಇದನ್ನೇ.

ಆದ್ದರಿಂದ ಈ ಹಬ್ಬದಲ್ಲಿ ದತ್ತು ಮಕ್ಕಳ ಮನೆಗಳನ್ನು ನೆನೆಯುವುದು ಸರಿಯಾಗಿಯೇ ಇದೆ. ಅದರಲ್ಲೂ ಹಸುಗೂಸನ್ನಲ್ಲ, ಒಂದೂವರೆ, ಎರಡು ವರ್ಷದ, ನಡೆಯಲು ಕಲಿತ ಮಗುವನ್ನು ಮನೆಗೆ ಕರೆತಂದ ತಾಯಂದಿರ ಬಗ್ಗೆ ಬರೆಯಲು ಬಯಸುತ್ತೇವೆ. ಇಂಥ ಕೆಲವು ತಾಯಂದಿರು ನಮ್ಮೊಡನೆ ಮಾತನಾಡಿದ್ದಾರೆ. ಮದುವೆಗೆ, ಮರಣಕ್ಕೆ ನಮ್ಮ ಜನ ಹೇಗೆ ಕೂಡಿಬರಬೇಕೆಂದು ಬಲ್ಲರು. ಇಂಥ ಮನೆಯ ಮೊದಲ ತಿಂಗಳುಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ಮಾತ್ರ ಬಹಳ ಮಂದಿಗೆ ತಿಳಿದಿಲ್ಲ.

ಪವಿತ್ರ ಗ್ರಂಥದಲ್ಲಿ ಇಂಥ ಮಗು ಒಂದಿದೆ. ಮೋಶೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ನೈಲ್ ನದಿಯ ಜೊಂಡಿನ ನಡುವೆ ತೇಲುವ ಬುಟ್ಟಿ, ಅದರೊಳಗೆ ಅಳುವ ಹಸುಳೆ. ಆದರೆ ವಿಮೋಚನಾಕಾಂಡದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಫರೋಹನ ಕುಮಾರಿ ಮಗುವನ್ನು ಅಂದೇ ಅರಮನೆಗೆ ಒಯ್ಯುವುದಿಲ್ಲ. ಮೊಲೆಯೂಡಿಸಲು ಹೆತ್ತ ತಾಯಿಯ ಕೈಗೇ ಕೊಡುತ್ತಾಳೆ, ಕೂಲಿಯನ್ನೂ ಕೊಡುತ್ತೇನೆನ್ನುತ್ತಾಳೆ. ಮಗು ಬೆಳೆದ ಮೇಲೆಯೇ ತಾಯಿ ಅದನ್ನು ಅರಮನೆಗೆ ತಂದೊಪ್ಪಿಸುತ್ತಾಳೆ. ಆ ನಾಡುಗಳಲ್ಲಿ ಹಾಲು ಬಿಡಿಸುತ್ತಿದ್ದುದು ತಡವಾಗಿ; ಮಕ್ಕಬಿಯರ ಎರಡನೆಯ ಗ್ರಂಥದ ವೀರಮಾತೆ ಮೂರು ವರ್ಷ ಹಾಲೂಡಿಸಿದ್ದನ್ನು ಮಗನಿಗೆ ನೆನಪಿಸುತ್ತಾಳೆ. ಹಾಗಾದರೆ ಅರಮನೆಯ ಬಾಗಿಲಿಗೆ ಬಂದ ಮೋಶೆ ನಡೆಯುತ್ತಿದ್ದ, ಒಂದೆರಡು ಮಾತು ಕಲಿತಿದ್ದ ಮಗು ಎಂದು ಎಣಿಸಬಹುದು. ಆ ಮೊದಲ ರಾತ್ರಿ ಅವನು ಯಾರನ್ನು ಕರೆದು ಅತ್ತನೋ, ರಾಜಕುಮಾರಿ ಎಷ್ಟು ಹೊತ್ತು ಎಚ್ಚರವಿದ್ದಳೋ, ಗ್ರಂಥ ಹೇಳುವುದಿಲ್ಲ. ಅವನು ಅವಳ ಮಗನಾದನು ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಗ್ರಂಥ ಒಂದು ವಾಕ್ಯದಲ್ಲಿ ದಾಟಿದ್ದನ್ನು ನಮ್ಮ ತಾಯಂದಿರು ಒಂದೊಂದು ದಿನವಾಗಿ ದಾಟಬೇಕಾಗಿದೆ.

ಮಗು ಮನೆಗೆ ಬರುವ ಬಗೆಯನ್ನೇ ನೋಡಿ. ಗರ್ಭಿಣಿಗೆ ಒಂಬತ್ತು ತಿಂಗಳ ಸಿದ್ಧತೆಯಿದೆ. ದತ್ತು ಪಡೆಯುವವರು ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಾರೆ. ಆಮೇಲೆ ಒಂದು ದಿನ ಒಂದು ಭಾವಚಿತ್ರ ಮತ್ತು ವೈದ್ಯಕೀಯ ವರದಿ ಬರುತ್ತದೆ. ಒಪ್ಪಿಗೆ ತಿಳಿಸಲು ಇರುವುದು 48 ಗಂಟೆ. ಕೆಲವೇ ವಾರಗಳಲ್ಲಿ ಮಗು ಮನೆಯಲ್ಲಿರುತ್ತದೆ. ಕಾದ ಕಾಲ ದೀರ್ಘ, ಅಣಿಯಾಗುವ ಕಾಲ ಅಲ್ಪ.

ಮಗುವಿನ ಕಡೆಯಿಂದ ನೋಡಿದರೆ ಇನ್ನೂ ಕಠಿಣ. ಅದಕ್ಕೆ ಯಾರೂ ಮುಂಚಿತವಾಗಿ ಏನನ್ನೂ ಹೇಳಿ ಅರ್ಥಮಾಡಿಸಲಾರರು. ನಿನ್ನೆಯವರೆಗೆ ಸಾಲು ತೊಟ್ಟಿಲುಗಳ ಕೋಣೆ, ಸುತ್ತ ಹತ್ತಾರು ಮಕ್ಕಳ ಉಸಿರು, ಪಾಳಿಯ ಮೇಲೆ ಬರುವ ಆಯಾಗಳು. ಇಂದು ನಿಶ್ಶಬ್ದವಾದ ಮನೆ. ಕುಕ್ಕರಿನ ಸೀಟಿ ಕೇಳಿ ಮಗು ಮೇಜಿನ ಕೆಳಗೆ ಅಡಗುತ್ತದೆ, ಏಕೆಂದರೆ ಅದು ಅಡುಗೆಮನೆಯನ್ನು ಹತ್ತಿರದಿಂದ ಕಂಡೇ ಇಲ್ಲ. ಹೆಂಗಸರೇ ನೋಡಿಕೊಂಡ ಮಗು ಅಪ್ಪನ ದಪ್ಪ ಧ್ವನಿಗೆ ಬೆದರುತ್ತದೆ. ವಾರಗಟ್ಟಲೆ ಮಗು ಹತ್ತಿರ ಬರದಿದ್ದಾಗ ಆ ಅಪ್ಪನ ಮನಸ್ಸಿಗಾಗುವ ನೋವನ್ನೂ ಇಲ್ಲಿ ಹೇಳಿಬಿಡಬೇಕು. ಮೆತ್ತಗೆ ಕಲಸಿದ ಅನ್ನವನ್ನೇ ಉಂಡು ಬೆಳೆದದ್ದರಿಂದ ಅಗಿಯಲು ಬಾರದು. ಕೆಲವು ಮಕ್ಕಳು ಕೊಟ್ಟದ್ದನ್ನೆಲ್ಲ ಬೇಗ ಬೇಗ ನುಂಗಿ, ಕೊನೆಯ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ನಿದ್ದೆಹೋಗುತ್ತಾರೆ. ದಿಂಬಿನಡಿ ಬಿಸ್ಕತ್ತು ಸಿಕ್ಕಿದರೆ ಗದರಿಸಬಾರದು. ಮುಂದಿನ ಊಟ ಬಂದೇ ಬರುತ್ತದೆ ಎಂದು ಅದಕ್ಕೆ ನಂಬಿಕೆ ಹುಟ್ಟಲು ನೂರಾರು ಊಟಗಳು ಬೇಕು. ಡಬ್ಬಿಯೊಂದನ್ನು ಅದರ ಕೈಗೆಟುಕುವ ಕಡೆ ಇಟ್ಟ ತಾಯಿಯೊಬ್ಬರು, ಎರಡು ತಿಂಗಳಾದ ಮೇಲೆ ಮಗು ಡಬ್ಬಿಯನ್ನು ಮರೆತೇಬಿಟ್ಟಿತು ಎಂದರು.

ಎಲ್ಲಕ್ಕಿಂತ ವಿಚಿತ್ರವಾದದ್ದು ‘ಅಮ್ಮ’ ಎಂಬ ಮಾತು. ಮಗು ಮೊದಲ ದಿನವೇ ಅಮ್ಮ ಎಂದು ಕರೆಯಿತೆಂದು ನೆಂಟರು ಸಂತೋಷಪಡುತ್ತಾರೆ. ಆದರೆ ಅನೇಕ ಶಿಶುಗೃಹಗಳಲ್ಲಿ ಅನ್ನ ಕೊಡುವ, ಬಟ್ಟೆ ಬದಲಿಸುವ ಎಲ್ಲ ಹೆಂಗಸರೂ ಅಮ್ಮಂದಿರೇ. ಅದು ಪಕ್ಕದ ಮನೆಯವರನ್ನೂ ಅಮ್ಮ ಎನ್ನುತ್ತದೆ, ತರಕಾರಿಯವಳನ್ನೂ ಅಮ್ಮ ಎನ್ನುತ್ತದೆ. ಯಾರು ಕೈಚಾಚಿದರೂ ಹೋಗುತ್ತದೆ. ಎಲ್ಲರನ್ನೂ ಕರೆಯುವ ಆ ಪದ ಒಬ್ಬಳೇ ಹೆಂಗಸಿನ ಹೆಸರಾಗುವವರೆಗೆ ತಾಯಿ ಕಾಯಬೇಕು. ಹೊಸ ತಾಯಿಗೆ ಇದಕ್ಕಿಂತ ದೊಡ್ಡ ಉಪವಾಸ ಬೇರೊಂದಿಲ್ಲವೆಂದು ನಮಗನ್ನಿಸುತ್ತದೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ದತ್ತುಪುತ್ರರ ಮನೋಭಾವವನ್ನು ಗುಲಾಮರ ಭಯಕ್ಕೆ ಎದುರಾಗಿ ನಿಲ್ಲಿಸುತ್ತಾರೆ; ಭಯ ಬಿಟ್ಟವನ ಬಾಯಲ್ಲಿ ಬರುವ ಪದ ‘ಅಬ್ಬಾ’, ಅಪ್ಪಾ ಎಂಬುದು. ಆ ಪದವನ್ನು ನಾವು ಪೂಜೆಯಲ್ಲಿ ಸಲೀಸಾಗಿ ಹೇಳುತ್ತೇವೆ. ಎರಡು ವರ್ಷದ ಮಗು ಭಯದಿಂದ ಆ ಪದದವರೆಗೆ ನಡೆದುಬರುವುದನ್ನು ಕಂಡವರಿಗೆ ಪೌಲರ ಮಾತಿನ ತೂಕ ತಿಳಿಯುತ್ತದೆ.

ಇನ್ನು ಅಳು. ‘ಎಷ್ಟು ಒಳ್ಳೆಯ ಮಗು, ಬಿದ್ದರೂ ಅಳುವುದಿಲ್ಲ’ ಎಂದು ಹೊಗಳುವವರಿದ್ದಾರೆ. ತಿಳಿದ ತಾಯಿಗೆ ಅದು ಹೊಗಳಿಕೆಯಲ್ಲ. ಅತ್ತಾಗ ಯಾರೂ ಬರದಿದ್ದರೆ ಮಗು ಅಳುವುದನ್ನೇ ಬಿಡುತ್ತದೆ. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ, ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಿದ್ದ ಎರಡು ವರ್ಷದ ಹೆಣ್ಣುಮಗುವಿನ ಚಲನಚಿತ್ರ ತೆಗೆದರು. ಆ ಮಗು ಹೆಚ್ಚು ಅಳಲಿಲ್ಲ. ಮುಖ ಬಿಗಿಹಿಡಿದು ಸುಮ್ಮನಿತ್ತು. ಆ ಮೌನವೇ ದುಃಖವೆಂದು ಅವರೂ, ಅವರ ಜೊತೆಗಾರ ವೈದ್ಯ ಜಾನ್ ಬೌಲ್ಬಿಯವರೂ ವಾದಿಸಿದರು. ಬೌಲ್ಬಿಯವರು ಅದರ ಹಿಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ಅನ್ನದಷ್ಟೇ ಅಗತ್ಯವಾದದ್ದು ಒಬ್ಬ ನಿಶ್ಚಿತ ವ್ಯಕ್ತಿಯ ಮಮತೆ ಎಂದು ತೋರಿಸಿದ್ದರು. ಇಂದು ಆಸ್ಪತ್ರೆಗಳಲ್ಲಿ ಮಗುವಿನ ಪಕ್ಕದಲ್ಲಿ ತಾಯಿಗೆ ಜಾಗವಿರುವುದರ ಹಿಂದೆ ಇಂಥವರ ದುಡಿಮೆಯಿದೆ.

ಹೀಗಾಗಿ ಮನೆಗೆ ಬಂದ ಮೂರನೆಯ, ನಾಲ್ಕನೆಯ ತಿಂಗಳಲ್ಲಿ ಮಗು ಬಿದ್ದು, ಎದ್ದು, ತಾಯಿಯನ್ನೇ ಹುಡುಕಿಕೊಂಡು ಬಂದು ಜೋರಾಗಿ ಅತ್ತರೆ ಆ ದಿನ ಪಾಯಸ ಮಾಡಬಹುದು. ಅದೇ ಕಾಲಕ್ಕೆ ಹಟವೂ ಹೆಚ್ಚುತ್ತದೆ. ತಾಯಿ ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತದೆ, ಕಚ್ಚುತ್ತದೆ, ಬಿಟ್ಟಿದ್ದ ಬಾಟಲಿ ಮತ್ತೆ ಬೇಕೆನ್ನುತ್ತದೆ. ‘ಮುದ್ದು ಮಾಡಿ ಕೆಡಿಸಿದಳು’ ಎಂದು ಅಜ್ಜಿಯರು ಹೇಳುವುದು ಆಗಲೇ. ಮಗು ಕೆಟ್ಟಿಲ್ಲ. ಕಳೆದುಕೊಳ್ಳಲು ತನಗೂ ಒಬ್ಬಳು ಇದ್ದಾಳೆಂದು ಅದಕ್ಕೆ ಈಗಷ್ಟೇ ತಿಳಿದಿದೆ.

ರಾತ್ರಿಯ ವಿಷಯ ಬೇರೆಯೇ. ಕೆಲವು ಮಕ್ಕಳು ತಲೆ ಅಲ್ಲಾಡಿಸುತ್ತಾ, ಮೈ ತೂಗುತ್ತಾ ತಮ್ಮನ್ನು ತಾವೇ ಮಲಗಿಸಿಕೊಳ್ಳುತ್ತವೆ. ಕೆಲವು ನಡುರಾತ್ರಿ ಎದ್ದು ತಾಯಿಗೆ ಪರಿಚಯವಿಲ್ಲದ ಒಂದು ಹೆಸರನ್ನು ಕರೆಯುತ್ತವೆ. ಅದು ಯಾವುದೋ ಆಯಾಳ ಹೆಸರು. ತಾಯಿಯ ಎದೆಗೆ ಚುಚ್ಚುವ ಗಳಿಗೆಯದು. ಆದರೆ ಅದು ಒಳ್ಳೆಯ ಸುದ್ದಿ: ಒಬ್ಬರನ್ನು ಪ್ರೀತಿಸಲು ಕಲಿತ ಮಗು ಇನ್ನೊಬ್ಬರನ್ನು ಪ್ರೀತಿಸುವುದನ್ನೂ ಬಲ್ಲದು. ಶಿಶುಗೃಹದಿಂದ ಮಗುವಿನೊಡನೆ ಬಂದ ಹಳೆಯ ಅಂಗಿಯನ್ನೋ ಬಟ್ಟೆಯ ತುಂಡನ್ನೋ ಅಂದೇ ಒಗೆದುಹಾಕಬೇಡಿ. ಅದರಲ್ಲಿ ಮಗುವಿಗೆ ಗೊತ್ತಿರುವ ವಾಸನೆಯಿದೆ. ಹೆಸರಿನ ವಿಷಯವೂ ಹಾಗೆಯೇ. ಸಂತರ ಹೆಸರಿಡಬೇಕೆಂಬ ಆಸೆ ಸಹಜ. ಆದರೆ ಒಂದೂವರೆ ವರ್ಷದ ಮಗುವಿಗೆ ತನ್ನ ಹೆಸರು ಗೊತ್ತು, ಬಹುಶಃ ಅದರ ಕೈಲಿ ಉಳಿದಿರುವ ಆಸ್ತಿ ಅದೊಂದೇ. ಧರ್ಮಸಭೆಯ ಕಾನೂನು ಸಂಹಿತೆಯ 855ನೆಯ ನಿಯಮ ಕೇಳುವುದು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಇರಬಾರದೆಂದು ಮಾತ್ರ. ಹಳೆಯ ಹೆಸರನ್ನು ಉಳಿಸಿ ಸಂತರ ಹೆಸರನ್ನು ಜೊತೆಗೆ ಸೇರಿಸಲು ಅಡ್ಡಿಯೇನಿಲ್ಲ.

ತಾಯಿಯ ಮಾತು ಇನ್ನೂ ಬಾಕಿಯಿದೆ. ಹೇಳಲು ಕಷ್ಟವಾದದ್ದೂ ಅದೇ. ವರ್ಷಗಟ್ಟಲೆ ನವೇನ ಮಾಡಿ, ಹರಕೆ ಹೊತ್ತು, ಕೊನೆಗೆ ಮಗು ಬಂದಾಗ ಎದೆಯಲ್ಲಿ ಪ್ರೀತಿ ಉಕ್ಕಿ ಬರಲಿಲ್ಲವೆಂದು ಹೇಳುವ ತಾಯಂದಿರಿದ್ದಾರೆ. ‘ಯಾರದೋ ಮಗುವನ್ನು ನೋಡಿಕೊಳ್ಳುತ್ತಿರುವ ಹಾಗನ್ನಿಸುತ್ತದೆ ಸ್ವಾಮಿ’ ಎಂದು ತಲೆ ತಗ್ಗಿಸಿ ಹೇಳುತ್ತಾರೆ, ದೊಡ್ಡ ಪಾಪವೊಂದನ್ನು ಒಪ್ಪಿಕೊಳ್ಳುವ ಹಾಗೆ. ಅದು ಪಾಪವಲ್ಲ. ನಿದ್ದೆಗೆಟ್ಟ, ಕಚ್ಚಿಸಿಕೊಂಡ, ಇಡೀ ದಿನ ಮಾತಾಡಲು ಜೊತೆಯಿಲ್ಲದ ಹೆಂಗಸಿನ ಆಯಾಸ ಅದು. ಹೆರಿಗೆಯ ನಂತರ ಕೆಲವರಿಗೆ ಬರುವ ಖಿನ್ನತೆ ದತ್ತು ಪಡೆದ ತಾಯಿಗೂ, ತಂದೆಗೂ ಬರಬಹುದೆಂದು ವೈದ್ಯರು ಒಪ್ಪುತ್ತಾರೆ. ವಾರಗಳು ಕಳೆದರೂ ಬಿಡದಿದ್ದರೆ ಮನೋವೈದ್ಯರನ್ನು ಕಾಣುವುದು ವಿಶ್ವಾಸದ ಕೊರತೆಯಲ್ಲ. ಹೆತ್ತವಳ ಮನೆಗೆ ತವರಿನವರು ಬಾಣಂತನಕ್ಕೆ ಬರುತ್ತಾರೆ, ಸಾರು ಕಾಸಿ ಕೊಡುತ್ತಾರೆ. ಇವಳಿಗೆ ಬಾಣಂತನವೂ ಇಲ್ಲ. ‘ನಿನಗೇನು, ನಡೆಯುವ ಮಗುವೇ ಸಿಕ್ಕಿತಲ್ಲ’ ಎನ್ನುತ್ತಾರೆ. ಕಾನೂನೂ ಹೀಗೇ ಎಣಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ದತ್ತು ತಾಯಿಗೆ 12 ವಾರಗಳ ರಜೆ ಕೊಟ್ಟಿತು, ಆದರೆ ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿರಬೇಕೆಂದು ಬರೆಯಿತು. ಕಾನೂನುಬದ್ಧ ದತ್ತಿನಲ್ಲಿ ಅಷ್ಟು ಎಳೆಯ ಮಗು ಮನೆ ಸೇರುವುದೇ ಅಪರೂಪ, ಏಕೆಂದರೆ ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು 60 ದಿನ ಬಿಡಬೇಕು. ಆದ್ದರಿಂದ ಉದ್ಯೋಗದಲ್ಲಿರುವ ತಾಯಂದಿರು ಮಗು ಬರುವ ಮೊದಲೇ ರಜೆಯ ವಿಷಯ ಕೇಳಿ ಇಟ್ಟುಕೊಳ್ಳಬೇಕು.

ಪ್ರೀತಿ ಬರುವುದು ಹೇಗೆ? ಬಹುಪಾಲು ಕೈಗಳ ಮೂಲಕ ಬರುತ್ತದೆ. ಎಣ್ಣೆ ಹಚ್ಚುವುದು, ಉಗುರು ಕತ್ತರಿಸುವುದು, ತಲೆಯ ಮೇಲೆ ನೀರು ಹೊಯ್ಯುವಾಗ ಕಿರುಚುವ ಮಗುವಿಗೆ ಮೊದಲು ಕಾಲು, ಆಮೇಲೆ ಬೆನ್ನು ಎಂದು ದಿನಕ್ಕಿಷ್ಟೆ ಮೀಯಿಸುವುದು. ಒಂದೇ ಹಾಡು, ಒಂದೇ ಹೊತ್ತು, ಒಂದೇ ಕೈ. ರುಮೇನಿಯದ ಬುಕಾರೆಸ್ಟಿನಲ್ಲಿ 2000ದ ನಂತರ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು, ಎರಡು ವರ್ಷದೊಳಗೆ ಕುಟುಂಬದ ಮಡಿಲು ಸೇರಿದ ಮಕ್ಕಳು ಬಾಂಧವ್ಯದಲ್ಲಿ ಬಹಳಷ್ಟು ಚೇತರಿಸಿಕೊಂಡದ್ದನ್ನು ಕಂಡರು. ತಡವಾಗಿ ಬಂದ ಮಕ್ಕಳಿಗೆ ಹೆಚ್ಚು ತಾಳ್ಮೆ ಬೇಕು, ಅಷ್ಟೇ, ಬಾಗಿಲು ಮುಚ್ಚಿಹೋಗುವುದಿಲ್ಲ.

ಇಲ್ಲಿ ಧರ್ಮಕೇಂದ್ರದ ನೆರೆಹೊರೆಗೆ ಕೆಲಸವಿದೆ, ಅದು ನಾವು ಎಣಿಸುವಂಥ ಕೆಲಸವಲ್ಲ. ನಮ್ಮ ಜನಕ್ಕೆ ಮಗುವನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಪೂಜೆ ಮುಗಿದೊಡನೆ ಮಗು ಕೈಯಿಂದ ಕೈಗೆ ಹೋಗುತ್ತದೆ, ಮಿಠಾಯಿ ಬಾಯಿಗೆ ಬೀಳುತ್ತದೆ. ಬೇರೆ ಮಕ್ಕಳಿಗೆ ಇದರಿಂದ ತೊಂದರೆಯಿಲ್ಲ. ಈ ಮಗು ಇನ್ನೂ ‘ನನ್ನವರು ಯಾರು’ ಎಂದು ಕಲಿಯುತ್ತಿದೆ. ಮೊದಲ ಕೆಲವು ತಿಂಗಳು ಎತ್ತಿಕೊಳ್ಳುವುದು, ಉಣಿಸುವುದು, ಸಮಾಧಾನ ಮಾಡುವುದು ಅಪ್ಪ ಅಮ್ಮಂದಿರೇ ಆಗಿರಲಿ. ಸಹಾಯ ಮಾಡಬೇಕೆಂದಿದ್ದರೆ ಸಾರು ತಂದುಕೊಡಿ, ಪಾತ್ರೆ ತೊಳೆದುಕೊಡಿ, ಪಡಿತರ ತನ್ನಿ. ಮಗುವನ್ನು ತಾಯಿಯ ಬಳಿಯೇ ಬಿಡಿ. ನೋಡಲು ಹಿಂಡುಗಟ್ಟಿ ಹೋಗಬೇಡಿ. ಮಗುವಿನ ಭಾವಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಕೇಳಬಾರದ ಪ್ರಶ್ನೆಗಳೂ ಇವೆ. ಹೆತ್ತವರು ಯಾರು, ಏಕೆ ಬಿಟ್ಟರು ಎಂಬುದು ಆ ಮಗುವಿನ ಸ್ವತ್ತು, ಊರಿನದ್ದಲ್ಲ. ಯಾವ ಜಾತಿಯದ್ದೋ ಎಂದು ಪಿಸುಗುಡುವುದು ನಮ್ಮ ಕಥೋಲಿಕ ಮನೆಗಳಲ್ಲಿಯೂ ನಿಂತಿಲ್ಲ; ಒಂದೇ ರೊಟ್ಟಿಯನ್ನು ಸ್ವೀಕರಿಸಿದ ಬಾಯಿ ಅದನ್ನು ಹೇಗೆ ಕೇಳುತ್ತದೋ ನಮಗೆ ತಿಳಿಯದು. ‘ಪುಣ್ಯವಂತ ಮಗು, ನಿಮ್ಮ ಕೈಗೆ ಸಿಕ್ಕಿತು’ ಎಂಬ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಆದರೆ ಹೆತ್ತ ತಾಯಿಯನ್ನು ಕಳೆದುಕೊಂಡದ್ದು ಪುಣ್ಯವಲ್ಲ, ಮತ್ತು ಜೀವನವಿಡೀ ಕೃತಜ್ಞನಾಗಿರಬೇಕೆಂಬ ಹೊರೆ ಬೇರಾವ ಮಗುವಿನ ಮೇಲೂ ಇರುವುದಿಲ್ಲ. ದತ್ತು ಎಂಬುದನ್ನು ಮಗುವಿನಿಂದ ಬಚ್ಚಿಡುವುದೂ ಬೇಡ. ಮಾತು ತಿಳಿಯುವ ಮೊದಲೇ ಕತೆಯಾಗಿ ಹೇಳುತ್ತಾ ಬಂದರೆ, ಒಂದು ದಿನ ಜಗಲಿಯಲ್ಲಿ ಯಾರೋ ಆಡಿದ ಮಾತಿನಿಂದ ಅದಕ್ಕೆ ಸಿಡಿಲು ಬಡಿಯುವುದಿಲ್ಲ. ಮೋಶೆಗೆ ತಾನು ಯಾರ ರಕ್ತವೆಂದು ತಿಳಿದಿತ್ತು. ರಾಜಕುಮಾರಿ ಅವನನ್ನು ಸ್ವಂತ ಮಗನಂತೆ ಬೆಳೆಸಿದಳೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಸ್ತೇಫನರೂ ನೆನೆಯುತ್ತಾರೆ. ಎರಡೂ ಒಟ್ಟಿಗೆ ಇದ್ದವು.

ಕಾನೂನಿನ ಬಗ್ಗೆ ಚುಟುಕಾಗಿ. ನಮ್ಮ ಹಿರಿಯರಲ್ಲಿ ‘ಕ್ರೈಸ್ತರಿಗೆ ದತ್ತು ಇಲ್ಲ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ಒಂದು ಕಾಲಕ್ಕೆ ಅದು ನಿಜವೇ. 1956ರ ದತ್ತಕ ಕಾಯ್ದೆ ಹಿಂದೂಗಳಿಗಿತ್ತು. ನಮ್ಮವರು 1890ರ ಕಾಯ್ದೆಯಂತೆ ಪಾಲಕರಾಗಬಹುದಿತ್ತೇ ಹೊರತು ತಂದೆತಾಯಿಯಲ್ಲ. 2000ದ ಬಾಲನ್ಯಾಯ ಕಾಯ್ದೆ ಹಾಗೂ ಅದರ 2006ರ ತಿದ್ದುಪಡಿ ಎಲ್ಲ ಧರ್ಮದವರಿಗೂ ಬಾಗಿಲು ತೆರೆದವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿತು. 2015ರ ಕಾಯ್ದೆಯಂತೆ ದತ್ತು ಆದೇಶವಾದ ದಿನದಿಂದ ಮಗು ಎಲ್ಲ ಹಕ್ಕುಗಳಲ್ಲೂ ಹುಟ್ಟಿದ ಮಗುವಿಗೆ ಸಮಾನ. 2022ರ ಸೆಪ್ಟೆಂಬರಿನಿಂದ ಆ ಆದೇಶ ಕೊಡುವವರು ಜಿಲ್ಲಾಧಿಕಾರಿಗಳು. ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಅವರನ್ನು ಪರೀಕ್ಷಕರೆಂದು ಹೆದರದೆ ಕಷ್ಟವನ್ನು ಬಿಚ್ಚಿ ಹೇಳಿ. ಆಸ್ಪತ್ರೆಯಿಂದಲೋ ಪರಿಚಯದವರಿಂದಲೋ ನೇರವಾಗಿ ಅನಾಥ ಶಿಶುವನ್ನು ಪಡೆಯುವ ದಾರಿಯನ್ನು ಯಾರಾದರೂ ತೋರಿಸಿದರೆ ಒಪ್ಪಬೇಡಿ. ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಇದೆ.

ಧರ್ಮಸಭೆ ಇಲ್ಲಿ ಸರ್ಕಾರದ ಕಾನೂನನ್ನು ಗೌರವಿಸುತ್ತದೆ. ಸಂಹಿತೆಯ 110ನೆಯ ನಿಯಮ, ನಾಗರಿಕ ಕಾನೂನಿನಂತೆ ದತ್ತು ಪಡೆದ ಮಕ್ಕಳನ್ನು ಆ ದಂಪತಿಗಳ ಮಕ್ಕಳೆಂದೇ ಎಣಿಸುತ್ತದೆ. 1094ನೆಯ ನಿಯಮದಂತೆ ದತ್ತಿನಿಂದ ಅಣ್ಣತಂಗಿಯರಾದವರು ವಿವಾಹವಾಗುವಂತಿಲ್ಲ. ಸಂಬಂಧ ಅಷ್ಟು ನಿಜವಾದದ್ದು. 877ನೆಯ ನಿಯಮದಂತೆ ದೀಕ್ಷಾಸ್ನಾನದ ದಾಖಲೆಯಲ್ಲಿ ದತ್ತು ಪಡೆದ ತಂದೆತಾಯಿಯ ಹೆಸರು ಬರೆಯಲಾಗುತ್ತದೆ. ಮಗು ಮನೆಗೆ ಬರುವುದು ಮೊದಲು, ಆದೇಶ ಬರುವುದು ಆಮೇಲೆ. ಆದ್ದರಿಂದ ಆದೇಶದ ಪ್ರತಿ ಕೈಗೆ ಬಂದ ನಂತರ ದೀಕ್ಷಾಸ್ನಾನಕ್ಕೆ ಗುರುಗಳನ್ನು ಕಾಣುವುದು ಒಳ್ಳೆಯದು. ಮಗುವಿಗೆ ಮೊದಲೇ ದೀಕ್ಷಾಸ್ನಾನ ಆಗಿದೆಯೇ ಎಂಬ ವಿಚಾರಣೆಗೂ ಆ ಕಾಲ ಉಪಯೋಗವಾಗುತ್ತದೆ. ಸಿದ್ಧತೆಯ ದಿನಗಳಲ್ಲಿ ಮಗುವನ್ನು ಜನರಿಲ್ಲದ ಹೊತ್ತಿನಲ್ಲಿ ದೇವಾಲಯಕ್ಕೆ ಕರೆತನ್ನಿ. ತೊಟ್ಟಿಯ ನೀರನ್ನು ಅದು ಕೈಯಿಂದ ಮುಟ್ಟಿ ಆಡಲಿ, ಬಿಳಿ ನಿಲುವಂಗಿಯವರ ಮುಖ ಪರಿಚಯವಾಗಲಿ.

ಹಬ್ಬದ ಭಾನುವಾರ ಪೂಜೆಯ ಕೊನೆಯಲ್ಲಿ ಕುಟುಂಬಗಳನ್ನು ಪೀಠದ ಬಳಿ ಕರೆದು ಆಶೀರ್ವದಿಸುವ ವಾಡಿಕೆ ಅನೇಕ ಕಡೆ ಇದೆ. ಹೊಸ ಮಗುವಿರುವ ತಾಯಿ ಎದ್ದು ಬರಲಾಗದಿದ್ದರೆ ಹಿಂದಿನ ಬೆಂಚಿನಲ್ಲೇ ಕುಳಿತಿರಲಿ, ಗುರುಗಳೇ ಅಲ್ಲಿಗೆ ಹೋಗಬಹುದು. ಮಗು ಅವರನ್ನು ಕಂಡು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಬಲವಂತವಾಗಿ ತಿರುಗಿಸಬೇಡಿ. ಸೆರಗಿನ ಮೇಲೆಯೇ ಕೈಯಿಟ್ಟು ಆಶೀರ್ವದಿಸಬಹುದು.